ಕಲ್ಲಿನ ಕೊನೆಯ ಸಾಲು

೩ ಫೆಬ್ರವರಿ ೨೦೨೫, ಬೆಳಿಗ್ಗೆ ೭

ಮಸಿ ಗಟ್ಟಿಯಾಗಿತ್ತು. ನೀರು ಹಾಕಿ ಕಲಸಿದೆ. ಇವತ್ತು ಬರೆಯಬೇಕಾದ ಗೋರಿಕಲ್ಲು ಇವರದೇ, ನನ್ನ ಗಂಡನದು. ತೀರಿಕೊಂಡು ನಿನ್ನೆಗೆ ನಲವತ್ತು ದಿನ.

ಇಪ್ಪತ್ತೆರಡು ವರ್ಷದ ಕೆಲಸ. ಇವರ ಕೈಗೆ ನಡುಕ ಬಂದಾಗಿನಿಂದ ಉರ್ದು ಅಕ್ಷರ ಕಾಗದದ ಮೇಲೆ ಬರೆಯುವವಳು ನಾನು. ಕಲ್ಲಿಗಿಟ್ಟು ಕೆತ್ತುವವನು ಪರಮಣ್ಣ. ಕೊನೆಯ ಸಾಲಿನಲ್ಲಿ ಇವರ ಹೆಸರು — 'ಬರೆದವರು: ಅಬ್ದುಲ್ ವಹೀದ್'. ಅದನ್ನೂ ನಾನೇ ಬರೆದೆ. ಮನೆಯ ಮರ್ಯಾದೆ. ಇವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದಕ್ಕೇ ಈ ಡೈರಿ ಕನ್ನಡದಲ್ಲಿ.

ಇವತ್ತು ಕೊನೆಯ ಸಾಲಿಗೆ ಬಂದು ಕಲಮು ನಿಂತಿತು. ಸತ್ತವರು ತಮ್ಮ ಕಲ್ಲು ತಾವೇ ಬರೆಯುವುದುಂಟೇ...

೫ ಫೆಬ್ರವರಿ

ಊಟಕ್ಕೆ ಕೂತಾಗ ಮಗ ಅಯಾನ್ ಬಾಯಿ ಬಿಟ್ಟ. "ಕೆಳಗ ನನ್ನ ಹೆಸರು ಹಾಕು ಅಮ್ಮೀ. ಅಂಗಡಿ ನಡೀಬೇಕಲ್ಲ."

"ನಿನಗ ಒಂದು ಅಲಿಫ್ ನೆಟ್ಟಗ ಬರೀಲಿಕ್ಕೆ ಬರ್ತದೇನೋ?"

"ಕಲ್ಲಿನ ಮ್ಯಾಲೆ ಹೆಣ್ಮಕ್ಕಳ ಹೆಸರು ಕಂಡ್ರ ಗಿರಾಕಿ ಏನಂತಾರ?"

"ಸತ್ತ ಹೆಣ್ಮಕ್ಕಳ ಹೆಸರು ಇರಂಗಿಲ್ಲೇನು? ಅದಕ್ಕ ಯಾರೂ ಏನೂ ಅನ್ನಂಗಿಲ್ಲ."

ಸೊಸೆ ನೌಶೀನ್ ನಗು ತಡೆಯಲಾರದೆ, ನೀರು ತರುತ್ತೇನೆಂದು ಎದ್ದು ಹೋದಳು.

೯ ಫೆಬ್ರವರಿ

ನನ್ನ ಹೆಸರೇ ಬರೆದೆ. ಉಮ್ಮೇ ಕುಲ್ಸುಮ್. ಸಣ್ಣದಾಗಿ.

ಪರಮಣ್ಣನಿಗೆ ಉರ್ದು ಬಾರದು. ಆದರೂ ಕಾಗದ ನೋಡಿ, "ಯವ್ವಾ, ಈ ಸಾಲು ಬ್ಯಾರೆ ಅದ ಅಲ್ರೀ" ಎಂದ.

"ನನ್ನ ಹೆಸರು."

ಕಾಗದ ಸುತ್ತಿಟ್ಟುಕೊಂಡ. "ನನಗ ಮೊದಲೇ ಗೊತ್ತಿತ್ರೀ. ಕಾಗದ ಕೊಡುವಾಗ ಸಾಹೇಬ್ರ ಕೈ ನಡುಗ್ತಿತ್ತು. ಅಕ್ಷರ ನಡುಗ್ತಿರಲಿಲ್ಲ."

೧೬ ಫೆಬ್ರವರಿ

ಕಲ್ಲು ನೆಟ್ಟು ಬಂದರು. ನಮ್ಮ ಮನೆಯ ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ. ನಾನು ಬರೆದ ಒಂದು ಕಲ್ಲನ್ನೂ ನಾನು ನೋಡಿಲ್ಲ.

೨ ಮಾರ್ಚ್

ರಾಯಚೂರಿಗೆ ಹೋಗಿ ಬಂದೆ. 'ಅಬ್ದುಲ್ ವಹೀದರ ಅಕ್ಷರಗಳು' — ಫೋಟೋ ಪ್ರದರ್ಶನ. ಮಾನ್ವಿಯ ಕಲ್ಲುಗಳು, ದೇವದುರ್ಗದವು. ಅಂತೂ ನೋಡಿದೆ. ಅದರಲ್ಲಿ ನನ್ನ ತಂದೆಯ ಕಲ್ಲೂ ಇತ್ತು. ಕಲಮು ಹಿಡಿಯಲು ಕಲಿಸಿದವರು ಅವರೇ. ಕೆಳಗೆ ಇವರ ಹೆಸರು.

ಶಾಲು ಅಯಾನ್‌ಗೆ. ನನಗೆ 'ಕಲಾವಿದರ ಪತ್ನಿ' ಎಂದು ಒಂದು ಹೂವು.

ಕೊನೆಯ ಫೋಟೋ ಇವರ ಕಲ್ಲು. ಕನ್ನಡಕ ಒರೆಸಿಕೊಂಡು ಹತ್ತಿರ ಹೋದೆ. ಕೊನೆಯ ಸಾಲು ಇರಬೇಕಾದಲ್ಲಿ ಮಣ್ಣು.

"ಕೆಳಗಿನ ಸಾಲು ಎಲ್ಲೋ?"

ಅಯಾನ್ ಶಾಲು ಸರಿಮಾಡಿಕೊಂಡ. "ಕಲ್ಲು ಗಟ್ಟಿ ನಿಲ್ಲಬೇಕಲ್ಲ ಅಮ್ಮೀ. ಒಂದು ಗೇಣು ಹೆಚ್ಚಿಗಿ ಇಳಿಸಿದ್ವಿ."

ಬಸ್ಸು ಮಾನ್ವಿ ಮುಟ್ಟಿತು. ಹೂವು ಸೀಟಿನ ಮೇಲೇ ಬಿಟ್ಟು ಇಳಿದೆ.

೨೩ ಮಾರ್ಚ್, ಮಧ್ಯಾಹ್ನ ೩

ಮೂರು ವಾರದಿಂದ ಕಲಮು ಮುಟ್ಟಿರಲಿಲ್ಲ. ಇವತ್ತು ಕಲ್ಲೂರಿನ ಗಿರಾಕಿ. ವಹೀದ್ ಸಾಹೇಬರ ಅಕ್ಷರವೇ ಬೇಕಂತೆ. ಅಯಾನ್ ಕಾಗದ ತಂದಿಟ್ಟ.

"ಕೆಳಗ ಯಾರ ಹೆಸರು?"

"ಅಬ್ಬಾಂದೇ ಹಾಕು" ಎಂದು ಅಂಗಡಿಗೆ ಹೋದ.

ಕಾಗದ ಹರಡಿದೆ. ಮೇಲೆ ದೊಡ್ಡದಾಗಿ ಉಮ್ಮೇ ಕುಲ್ಸುಮ್ ಎಂದು ಬರೆದೆ. ಕಲ್ಲೂರಿನವರಿಗಲ್ಲ, ಮುಂದೆ ನನ್ನದೇ ಗೋರಿಕಲ್ಲಿಗೆ. ಮೇಲಿನ ಸಾಲು ಮಣ್ಣಿಗೆ ಸಿಗುವುದಿಲ್ಲ. ಆಮೇಲೆ ತಂದೆಯ ಹೆಸರು, ಗಂಡನ ಹೆಸರು. ತಾರೀಖಿಗೆ ಜಾಗ ಬಿಟ್ಟೆ. ಕೈ ನಡುಗಲಿಲ್ಲ.

ಇನ್ನು ಕೊನೆಯ ಸಾಲು ಉಳಿದಿದೆ. ಬರೆದವರು —