ಕಾಂಕ್ರೀಟಿಗೆ ಹೊದಿಸಿದ ಕಂಬಳಿ

ಫ್ರೀಮಾಂಟ್, 3-1-1999

ಚಿಕ್ಕಪ್ಪನಿಗೆ ಶಶಿಯ ನಮಸ್ಕಾರ.

ನೀವು ಕಲಿಸಿದ ಗಾರೆ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು. ಸೊಂಟ ಮುರಿದ ಮೇಲೆ ನಮ್ಮತ್ತೆ ವಾಕರ್ ಹಿಡಿದೇ ನಡೆಯುವುದು. ಹಿಂಬಾಗಿಲಿಗೂ ಹಿತ್ತಲಿನ ಹಳೆಯ ಕಾಂಕ್ರೀಟು ಜಗಲಿಗೂ ನಡುವೆ ಬರೀ ಕೆಸರು. ಹಾಗಾಗಿ ಎರಡು ತಿಂಗಳಿಂದ ಒಳಗೇ ಕೂತಿದ್ದರು. ಜಗಲಿಯವರೆಗೆ ಕಾಂಕ್ರೀಟು ದಾರಿ ಹಾಕುತ್ತೇನೆಂದೆ. "ಆಳು ಕರೆಸೋಣ, ನಿಂಗ್ಯಾಕೆ?" ಎಂದರು ಇವರು. ನಾನು ಬಿಡಲಿಲ್ಲ.

ಹೊಸ ದಾರಿ ಜಗಲಿಗಿಂತ ಮೇಲೇಳದಿರಲೆಂದು ಜಗಲಿಯ ಅಂಚು ಕೊರೆದು ಸರಳು ಕೂರಿಸಿದೆ. ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುವಾಗ ಒಂದನ್ನೊಂದು ಸೀಳದಿರಲೆಂದು ನಡುವೆ ಮೆತ್ತನೆಯ ಪಟ್ಟಿಯಿಟ್ಟು ಕಾಂಕ್ರೀಟು ಸುರಿದೆ. ಮರುದಿನವೇ ಹುಲ್ಲೆಲ್ಲ ಮಂಜುಗಟ್ಟಿ ಉಪ್ಪು ಚೆಲ್ಲಿದಂತೆ ಬೆಳ್ಳಗಾಯಿತು! ಹಸಿ ಕಾಂಕ್ರೀಟು ಹಾಳಾಗುತ್ತದೆಂದು ಮನೆಯ ಕಂಬಳಿಗಳನ್ನೆಲ್ಲ ಅದಕ್ಕೇ ಹೊದಿಸಿದೆ. ನಾವು ಒಂದು ವಾರ ಸ್ವೆಟರು ಹಾಕಿಕೊಂಡೇ ಮಲಗಿದೆವು.

ಸಿಮೆಂಟಿಗೆ ನನ್ನ ಅಂಗೈ ಬಿರಿದಿದೆ. ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ, ಯೋಚನೆ ಬೇಡ.

ನಿನ್ನೆ ಅತ್ತೆ ಹೊಸ ದಾರಿಯ ಮೇಲೆ ಜಗಲಿಗೆ ಹೊರಟರು. ದಾರಿ ಜಗಲಿಯನ್ನು ಸೇರುವ ಸಂದಿಯ ಹತ್ತಿರ ಕೈ ಹಿಡಿಯಲು ಹೋದೆ. "ಬುಡವ್ವ, ನಾನೇ ಹೋಯ್ತೀನಿ" ಎಂದರು. ವಾಕರ್ ಎಲ್ಲೂ ತಡೆಯಲಿಲ್ಲ. ಜಗಲಿಯ ಬಿಸಿಲಿಗೆ ಕೂತು, ಕಾಫಿ ಅಲ್ಲಿಗೇ ತರಿಸಿಕೊಂಡರು. ಈಗ ಗೇಟಿನವರೆಗೂ ಹೋಗಬೇಕಂತೆ. ನಾಳೆ ಮತ್ತೆ ಜಲ್ಲಿ ಕಲಸುತ್ತೇನೆ.

ಅವಸರದಲ್ಲಿ,
ಶಶಿಕಲಾ