ಬೇರಿನ ಕೆಳಗಿನ ಮಣ್ಣು

ವಿಲೆ ಪಾರ್ಲೆ ಪೂರ್ವ
೨ ಡಿಸೆಂಬರ್ ೨೦೨೪

ಪ್ರೀತಿಯ ರಂಜನಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನನ್ನ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಹರಿದು ಹಾಕುವ ಮೊದಲು ಒಮ್ಮೆಯಾದರೂ ಓದುತ್ತೀ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದಿದ್ದರೆ, ನಿನ್ನ ಪಿಎಚ್.ಡಿ. ಪ್ರಬಂಧದ ಕರಡುಗಳಲ್ಲಿ ನಾನು ತಿದ್ದುತ್ತಿದ್ದ ತಪ್ಪುಗಳೆಲ್ಲ ನಿನಗೆ ನೆನಪಾಗುತ್ತಿದ್ದವು. ಅದಕ್ಕೇ ಕನ್ನಡ.

ನಿನ್ನ ತಾಯಿ ಮಲ್ಲಕ್ಕ ತೀರಿಕೊಂಡ ಮೂರನೆಯ ದಿನ ನಾನು ಭಾಂಡುಪ್‌ಗೆ ಹೋಗಿದ್ದೆ. ನಿನ್ನ ತಮ್ಮ ಈಶ್ವರ ಚಾಳಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಟ್ಟ. ನೀನು ಎಲ್ಲಿ ಎಂದು ಕೇಳಿದೆ. "ಅಕ್ಕ ಬಂದಿದ್ದಳ್ರಿ, ಒಳಗ ಬಿಡಲಿಲ್ಲ. ನಾ ಸತ್ತ ಮ್ಯಾಲೂ ಅಕಿಗಿ ನನ್ನ ಮಾರಿ ತೋರಿಸಬ್ಯಾಡ ಅಂತ ಅವ್ವ ಹೇಳಿಟ್ಟಿದ್ದಳು" ಅಂದ. ನೀನು ಎದುರು ಮನೆಯ ಮೆಟ್ಟಿಲ ಮೇಲೆ ಕುಳಿತು, ಹೆಣ ಎತ್ತುವುದನ್ನು ಅಲ್ಲಿಂದಲೇ ನೋಡಿದೆಯಂತೆ. ಅದನ್ನು ಕೇಳಿದ ದಿನವೇ ನಿನಗೆ ಬರೆಯಬೇಕೆಂದುಕೊಂಡೆ. ಅದಾಗಿ ಐದು ವಾರವಾಯಿತು.

ನಿನ್ನ ಅಪ್ಪ ಮೊದಲ ಸಲ ನಮ್ಮ ಲ್ಯಾಬಿಗೆ ಬಂದದ್ದು ನೆನಪಿದೆಯೇ? ೨೦೧೮ರ ಮೇ ತಿಂಗಳು. ಕಾಂದಿವಲಿಯಲ್ಲಿ ಹಳೆಯ ಕಾರ್ಖಾನೆ ಕೆಡವಿದ ಜಾಗದಲ್ಲಿ ಹೊಸ ಬಿಲ್ಡಿಂಗಿಗೆ ಪಾಯ ತೋಡುತ್ತಿದ್ದರು. ಯಾದಗಿರಿಯಿಂದ ಬಂದು ಇಪ್ಪತ್ತು ವರ್ಷ ಈ ಊರಿನ ಪಾಯ ತೋಡಿದ ಸಾಯಬಣ್ಣ, ನಲವತ್ತು ಅಡಿ ಆಳದಲ್ಲಿ ಸಿಕ್ಕ ಒಂದು ತುಂಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು, ತುಂಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. "ಮೇಡಂರ, ತೂಕ ನೋಡಿದ್ರ ಕಲ್ಲು ಅದ, ಎಳಿ ನೋಡಿದ್ರ ಕಟಗಿ ಅದ. ಮಗಳು ನಿಮಗ ತೋರಸಂದಳು" ಅಂದರು. ನಾನು ಅವರಿಗೆ ಕುರ್ಚಿ ಕೊಟ್ಟೆನೋ ಇಲ್ಲವೋ ನನಗೆ ನೆನಪಿಲ್ಲ. ನಿನಗೆ ಇರುತ್ತದೆ.

ಆ ಕಲ್ಲಾದ ಮರವನ್ನು ಕೊಯ್ದು, ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದವಳು ನೀನು. ಸೂಕ್ಷ್ಮದರ್ಶಕದಲ್ಲಿ ನೀರಿನ ನಾಳಗಳು ನಿನ್ನೆ ತಾನೇ ಕಡಿದ ಮರದಂತೆ ಕಂಡವು. ಬೆಳವಣಿಗೆಯ ಉಂಗುರ ಮಾತ್ರ ಒಂದೂ ಇರಲಿಲ್ಲ. ಒಣ ತಿಂಗಳುಗಳಲ್ಲಿ ಬೆಳವಣಿಗೆ ನಿಲ್ಲಿಸುವ ಮರದಲ್ಲಿ ಉಂಗುರ ಬೀಳುತ್ತದೆ. ಇದು ವರ್ಷವಿಡೀ ನೀರು ಕುಡಿದ ಮರ. ಹಾಗಾದರೆ ಆರೂವರೆ ಕೋಟಿ ವರ್ಷಗಳ ಹಿಂದೆ ಇಲ್ಲಿ ವರ್ಷವಿಡೀ ಮಳೆಯಿತ್ತು ಎಂದು ನಾನು ಬರೆಯಲು ಕುಳಿತಿದ್ದೆ. ಅಷ್ಟರಲ್ಲಿ ನೀನು ಅದೇ ಮಟ್ಟದ ಕೆಂಪು ಮಣ್ಣನ್ನು, ಮರ ಸಿಕ್ಕ ಜಾಗದಿಂದ ಹತ್ತು ಹೆಜ್ಜೆ ಆಚೆಯಿಂದ ತಂದೆ. ಅದರ ತುಂಬ ಕಡಲೆ ಗಾತ್ರದ ಸುಣ್ಣದ ಗಂಟುಗಳು. ಪ್ರತಿ ವರ್ಷ ತಿಂಗಳುಗಟ್ಟಲೆ ಒಣಗುವ ನೆಲದಲ್ಲಿ ಮಾತ್ರ ಸುಣ್ಣ ಹಾಗೆ ಗಂಟುಕಟ್ಟುತ್ತದೆ. ಮರ ಒಂದು ಹೇಳುತ್ತಿತ್ತು, ಮಣ್ಣು ಇನ್ನೊಂದು.

ನಾನು ಮಣ್ಣನ್ನು ಬಿಟ್ಟುಬಿಡೋಣ ಅಂದೆ. ನೀನು ಒಪ್ಪಲಿಲ್ಲ. "ಮೇಡಂ, ಎರಡೂ ಸುಳ್ಳು ಹೇಳಂಗಿಲ್ರಿ. ಬೇರಿನ ಬುಡದ ಮಣ್ಣು ನೋಡಿದ್ರ ತಿಳಿತದ" ಅಂದೆ. ಆ ಮಾತು ನಿನ್ನದು. ಪ್ರಕಟವಾದ ಲೇಖನದಲ್ಲಿ ಅದು ನನ್ನ ಮಾತಾಗಿದೆ.

ಬೇರು ಇನ್ನೂ ಪಾಯದ ಗೋಡೆಯಲ್ಲಿತ್ತು. ಜೂನ್ ಒಂಬತ್ತು, ಶನಿವಾರ, ಆ ಮಣ್ಣು ಒಂದಿಷ್ಟು ಬೇಕೆಂದು ಅಪ್ಪನಿಗೆ ಹೇಳಿದ್ದೇನೆ ಎಂದು ನೀನು ನನಗೆ ತಿಳಿಸಿದೆ. ಮಳೆ ನಿಂತು ಗೋಡೆಗೆ ಆಧಾರ ಕೊಟ್ಟ ಮೇಲೆ ತೆಗೆಯಲಿ, ಅವಸರವಿಲ್ಲ ಎಂದು ಹೇಳಿದ್ದೇನೆ ಅಂದೆ. ಆಮೇಲಿನ ದಿನಗಳಲ್ಲಿ ನಿನ್ನ ಮಾತಿನ ಈ ಅರ್ಧವನ್ನು ನೀನೇ ಮರೆತುಬಿಟ್ಟೆ. ನಾನು ನೆನಪಿಸಲಿಲ್ಲ.

ಸೋಮವಾರ ಮಧ್ಯಾಹ್ನ ಗೋಡೆ ಕುಸಿಯಿತು. ನಾನು ಸೈಟಿಗೆ ಬಂದಾಗ ನಾಲ್ಕು ಗಂಟೆ. ನಿನ್ನ ಅಪ್ಪನನ್ನು ಆಗಷ್ಟೇ ಹೊರಗೆ ತೆಗೆದು, ಸಿಮೆಂಟು ಚೀಲಗಳ ಮೇಲೆ ಮಲಗಿಸಿದ್ದರು. ಕೂಲಿಯಾಳುಗಳ ಮುಕಾದಮ ಕಾಶಪ್ಪ ನನ್ನ ಹತ್ತಿರ ಬಂದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. "ಸೊಂಟಕ್ಕ ಕಟಗೊಂಡಿದ್ದರಿ. ಇದು ನಿಮ್ದ ಇರಬೇಕು" ಅಂದ. ಚೀಲದೊಳಗೆ ಬೂದು ಬಣ್ಣದ ಮಣ್ಣು. ಬಾಯಿಗೆ ಗಂಟು ಭದ್ರವಾಗಿತ್ತು, ನೀನು ಕಲಿಸಿದ ಹಾಗೆ ಚೀಟಿಯ ಮೇಲೆ ಆಳವನ್ನೂ ಬರೆದಿದ್ದರು. ನಾನು ಅದನ್ನು ನನ್ನ ಕೈಚೀಲದಲ್ಲಿಟ್ಟುಕೊಂಡೆ.

ಆಮೇಲೆ ನೀನು ಬಂದೆ, ಹಿಂದೆಯೇ ಮಲ್ಲಕ್ಕ. ನೀನು ಕೆಸರಿನಲ್ಲಿ ಕುಸಿದು, "ನಾನ ಕೊಂದೆ, ಮಣ್ಣು ತಾ ಅಂತ ನಾನ ಅಂದಿದ್ದೆ" ಎಂದು ಎಲ್ಲರೆದುರು ಹೇಳಿದೆ. ಮಲ್ಲಕ್ಕ ಅಳುವುದನ್ನು ನಿಲ್ಲಿಸಿ ನಿನ್ನನ್ನು ನೋಡಿದ್ದು ನನಗೆ ಕಾಣಿಸಿತು. ನಾನು ನಿನ್ನ ಹೆಗಲು ಹಿಡಿದುಕೊಂಡೆ. ಇಂಥ ಟೀಚರ್ ಎಲ್ಲಿ ಸಿಗುತ್ತಾರೆ ಎಂದು ಅಲ್ಲಿದ್ದವರು ಯಾರೋ ಮರಾಠಿಯಲ್ಲಿ ಅಂದರು.

ನಾನು ಅಲ್ಲಿಗೆ ಯಾಕೆ ಬಂದಿದ್ದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಈಗ ಹೇಳುತ್ತೇನೆ. ಆ ಮಣ್ಣು ಒಯ್ಯಲು ಬಂದಿದ್ದೆ.

ಆ ಸೋಮವಾರ ಬೆಳಿಗ್ಗೆ ಸೈಟಿನ ಎಂಜಿನಿಯರ್ ನನಗೆ ಫೋನ್ ಮಾಡಿ, ನಾಳೆ ಆ ಕಡೆ ಕಾಂಕ್ರೀಟ್ ಹಾಕುತ್ತೇವೆ ಎಂದಿದ್ದರು. ನಾನು ಕೂಡಲೇ ಸಾಯಬಣ್ಣನಿಗೆ ಫೋನ್ ಮಾಡಿದೆ. "ಎರಡು ದಿನ ಮಳಿ ಹೊಡದದ ಮೇಡಂರ, ಗ್ವಾಡಿ ಹಸಿ ಅದ. ಮುಕಾದಮ ಆ ಕಡಿ ಯಾರಿಗೂ ಬಿಡವಲ್ಲ. ಮಗಳೂ ಅವಸರ ಇಲ್ಲ ಅಂದಾಳ" ಅಂದರು. ಆ ಮಣ್ಣು ಇವತ್ತು ಸಿಗದಿದ್ದರೆ ನಿಮ್ಮ ಮಗಳ ಪಿಎಚ್.ಡಿ. ಆಗುವುದಿಲ್ಲ, ಐದು ವರ್ಷದ ಓದು ಹಾಳಾಗುತ್ತದೆ ಎಂದೆ. ಅದು ನಿಜವಲ್ಲ. ನಿನ್ನ ಕೈಯಲ್ಲಿದ್ದಷ್ಟರಲ್ಲೇ ನಿನಗೆ ಪದವಿ ಸಿಗುತ್ತಿತ್ತು. ಆ ಮಣ್ಣು ಬೇಕಾಗಿದ್ದದ್ದು ನನಗೆ. ಅವರು, "ಆತ್ರಿ. ಊಟದ ಸೂಟಿನ್ಯಾಗ ಇಳಿತೀನಿ. ಮಗಳಿಗಿ ಹೇಳಬ್ಯಾಡ್ರಿ, ಅಂಜತಾಳ" ಅಂದರು.

ನಾನು ಹೇಳಲಿಲ್ಲ. ಆರೂವರೆ ವರ್ಷ ಹೇಳಲಿಲ್ಲ. ಅವರ ಫೋನ್ ಮಣ್ಣಿನಲ್ಲೇ ಹೋಯಿತು. ಊಟದ ಬಿಡುವಿನಲ್ಲಿ ಸ್ವಂತ ಕೆಲಸಕ್ಕೆ ಇಳಿದಿದ್ದ ಎಂದು ಗುತ್ತಿಗೆದಾರ ಪೊಲೀಸರೆದುರು ಬರೆದುಕೊಟ್ಟು ಕೈತೊಳೆದುಕೊಂಡ. ಆ ಸ್ವಂತ ಕೆಲಸ ಯಾರದ್ದೆಂದು ನಾನು ಬಾಯಿ ಬಿಡಲಿಲ್ಲ. ತಿಂಗಳು ಕಳೆಯುವುದರೊಳಗೆ ಮಲ್ಲಕ್ಕ ನಿನ್ನನ್ನು ಮನೆಯಿಂದ ಹೊರಗೆ ಹಾಕಿದಳು. ನೀನು ದುಡಿಯುವ ಹೆಂಗಸರ ಹಾಸ್ಟೆಲ್ ಸೇರಿದೆ, ಓದು ಬಿಟ್ಟೆ. ವಾಪಸು ಬಾ ಎಂದು ಎರಡು ಇಮೇಲ್ ಬರೆದೆ. ನೀನು ಉತ್ತರಿಸದೆ ಇದ್ದದ್ದು ನನಗೆ ಅನುಕೂಲವೇ ಆಯಿತು. ನೀನು ಎದುರು ಮೇಜಿನಲ್ಲಿ ಕುಳಿತಿದ್ದರೆ ಆ ಚೀಲ ಬಿಚ್ಚಲು ನನ್ನಿಂದ ಆಗುತ್ತಿರಲಿಲ್ಲ.

ಆಗಸ್ಟಿನಲ್ಲಿ ಬಿಚ್ಚಿದೆ. ನೀನು ಊಹಿಸಿದ್ದು ಸರಿಯಾಗಿತ್ತು. ಬೇರಿನ ಕೆಳಗೆ ಸುಣ್ಣದ ಸುಳಿವೇ ಇಲ್ಲ. ನೀರು ನಿಂತು ನಿಂತು ಬೂದುಗಟ್ಟಿದ ಮಣ್ಣು. ಆ ಮರ ಹಳ್ಳದ ದಂಡೆಯಲ್ಲಿ ನಿಂತಿತ್ತು. ಸುತ್ತಲ ಸೀಮೆ ವರ್ಷಕ್ಕೆ ನಾಲ್ಕೈದು ತಿಂಗಳು ಒಣಗಿ ಬಿರುಕು ಬಿಡುತ್ತಿದ್ದಾಗಲೂ ಅದರ ಬೇರಿಗೆ ನೀರಿತ್ತು. ಮರವೊಂದನ್ನೇ ನಂಬಿದ್ದರೆ ಆ ಕಾಲದ ಮಳೆಯ ಲೆಕ್ಕವೇ ತಪ್ಪುತ್ತಿತ್ತು. ಅದನ್ನು ಕಂಡ ದಿನ ನನಗೆ ಸಂತೋಷವಾಯಿತು ರಂಜನಾ. ಪಾರ್ಲೆ ಸ್ಟೇಶನ್ ಹತ್ತಿರ ನನ್ನ ಅಣ್ಣ ಸದಾನಂದನ ಹೋಟೆಲಿಗೆ ಹೋಗಿ, ಲ್ಯಾಬಿನವರಿಗೆಲ್ಲ ಮಸಾಲೆ ದೋಸೆ ಕೊಡಿಸಿದೆ. ಆ ಲೇಖನದಿಂದ ನನ್ನನ್ನು ಮೂರು ದೇಶಗಳಿಗೆ ಕರೆದರು. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ನಿನ್ನ ಹೆಸರಿದೆ. ನಿನ್ನ ಅಪ್ಪನ ಹೆಸರಿಲ್ಲ. ಮಾದರಿ ತಂದವರು ಯಾರು, ಹೇಗೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ.

ಈಗ ಅದನ್ನು ಸರಿಪಡಿಸುತ್ತಿದ್ದೇನೆ. ಈ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಆ ಮರ ಹೊಸ ಜಾತಿಯದೆಂದು ಖಚಿತವಾಗಿದೆ, ಅದಕ್ಕೆ ಸಾಯಬಣ್ಣನ ಹೆಸರನ್ನೇ ಇಟ್ಟಿದ್ದೇನೆ. ಹದಿನಾಲ್ಕನೇ ತಾರೀಕು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಕಾಲೇಜಿನ ಹಜಾರದಲ್ಲಿ ಆ ಕಾಂಡದ ತುಂಡನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ. ಪರದೆ ನೀನೇ ಸರಿಸಬೇಕು. ನೀನು ಕೋಚಿಂಗ್ ಕ್ಲಾಸಿನಲ್ಲಿ ಹತ್ತನೆಯವರಿಗೆ ಭೂಗೋಳ ಕಲಿಸುತ್ತಿದ್ದೀಯಂತೆ. ಒಂದು ದಿನದ ರಜೆ ಸಿಗುವುದು ಕಷ್ಟವಾಗಲಾರದು. ಸಭೆಯಲ್ಲಿ ಆ ಫೋನಿನ ವಿಷಯ ಎತ್ತಬೇಡ. ಆಮೇಲೆ ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಪೊಲೀಸರಿಗೆ ಬೇಕಾದರೂ ಕೊಡು, ನಾನು ಅಲ್ಲಗಳೆಯುವುದಿಲ್ಲ.

ಅಪ್ಪನನ್ನು ಕಳಿಸಿದವಳು ನೀನಲ್ಲ ಎಂಬುದನ್ನು ತಿಳಿದು ನಿನ್ನ ಮನಸ್ಸಿಗೆ ಸ್ವಲ್ಪ ಹಗುರವಾಗಬಹುದು ಎಂದುಕೊಂಡಿದ್ದೇನೆ.

ನಿನ್ನ ಒಳ್ಳೆಯದನ್ನೇ ಬಯಸುವ
ಹರಿಣಿ ಮೇಡಂ

ಸಹಿ ಹಾಕಿದ ಮೇಲೆ ಬರೆದದ್ದು: ಹದಿನಾಲ್ಕರಂದು ಕಾಶಪ್ಪನನ್ನೂ ಕರೆದಿದ್ದೇನೆ. ಅವನ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿಯುವುದು ಮೇಲು. ನಿನ್ನ ಅಪ್ಪ ತೀರಿಕೊಂಡ ವರ್ಷವೇ ದೀಪಾವಳಿ ಕಳೆದ ಮೇಲೆ ಮಲ್ಲಕ್ಕ ಅವನನ್ನು ಕರೆದುಕೊಂಡು ಲ್ಯಾಬಿಗೆ ಬಂದಿದ್ದಳು. ಇಳಿಯುವ ಮೊದಲು ಸಾಯಬಣ್ಣ ಯಾರೋ ಮೇಡಂ ಜೊತೆ ಫೋನಿನಲ್ಲಿ ಮಾತಾಡಿದ್ದನ್ನು ಕಾಶಪ್ಪ ಅವಳಿಗೆ ಹೇಳಿದ್ದ. "ಖರೇ ಹೇಳ್ರಿ ಮೇಡಂರ, ನನ್ನ ಗಂಡಗ ಕಳಸ್ದಾಕಿ ಮಗಳೋ, ನೀವೋ? ಮಗಳು ಅಲ್ಲಂದ್ರ ಈಗಿಂದೀಗ ಹಾಸ್ಟೆಲಿಗಿ ಹೋಗಿ ಅಕಿಗಿ ಮನಿಗಿ ಕರಕೊಂಡು ಹೋಗತೀನಿ" ಅಂದಳು. ಮಗಳೇ ಕಳಿಸಿದ್ದು, ಇಳಿಯಬೇಡಿ ಎಂದು ಹೇಳಲಿಕ್ಕೇ ನಾನು ಫೋನ್ ಮಾಡಿದ್ದು ಎಂದೆ. ಅವಳು ಮತ್ತೆ ಅದನ್ನೇ ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ನಿನಗೆಂದು ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಬುತ್ತಿಯನ್ನು ಕಾಶಪ್ಪನ ಕೈಗೆ ಕೊಟ್ಟು, ನೀನೇ ತಿನ್ನು ಎಂದು ಹೇಳಿ, ಅವನಿಗಾಗಿಯೂ ಕಾಯದೆ ಮೆಟ್ಟಿಲಿಳಿದು ಹೋದಳು.