ತೆಳ್ಳಗಾದ ತೇಗದ ಹಲಗೆ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆಯ ನಮಸ್ಕಾರಗಳು. ನಿಮ್ಮ ಕಣ್ಣು ಹೋದ ಮೇಲೆ ಈ ಮನೆಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುವವಳು ನಾನೇ. ಇದನ್ನು ಓದಿ ಹೇಳುವುದಿಲ್ಲ, ಅದಕ್ಕೇ ಇಷ್ಟು ಧೈರ್ಯ. ನೀವು ಊಟ ಮುಗಿಸಿ ಪಕ್ಕದ ಕೋಣೆಯಲ್ಲಿ ಮಲಗಿದ್ದೀರಿ. ನಿಮ್ಮ ಕೆಮ್ಮು ಇಲ್ಲಿಗೆ ಕೇಳಿಸುತ್ತಿದೆ.

ಬೋಟು ಹೋಯಿತು, ಮಾವ. ಈ ವಾರ ಅದನ್ನು ಒಡೆದು ಹಾಕುತ್ತಾರೆ.

ಗುಜರಿಗೆ ಹೋಗಲಿದ್ದ ಆ ಮೋಟಾರು ಬೋಟನ್ನು ಅಪ್ಪ ಮಗ ಸೇರಿ ಎಳೆದು ತಂದ ದಿನ, ನಿಮಗಿಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿದ್ದೆ. ಡೆಕ್ಕಿಗೆ ಹೊಸ ತೇಗದ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿ, ಪ್ರತಿ ಸ್ಕ್ರೂ ತಲೆಯ ಮೇಲೂ ತೇಗದ ಪುಟ್ಟ ಬಿರಡೆ ಹೊಡೆದು ಮುಚ್ಚಿದ್ದು ನಿಮ್ಮ ಮಗನೇ. ತಿಕ್ಕಿ ತೊಳೆಯುವ ಪಾಲು ನಿಮ್ಮದು. "ಅಪ್ಪನ್ನ ಬಿಟ್ರೆ ಮೀನಿನ ಬೆನ್ನನ್ನೂ ಉಜ್ಜಿ ಹೊಳಪು ಮಾಡ್ತಾರೆ" ಎಂದು ಅವರು ನಗುತ್ತಿದ್ದರು. ನೀವೂ ನಗುತ್ತಿದ್ದಿರಿ.

ಅವರು ತೀರಿಕೊಂಡ ಮೇಲೆ ನೀವು ಹಾಸಿಗೆ ಹಿಡಿದಿರಿ. ತಟ್ಟೆ ತಂದಿಟ್ಟರೆ ಹಾಗೇ ಇರುತ್ತಿತ್ತು. ಒಂದು ಬೆಳಿಗ್ಗೆ ನನಗೂ ತಾಳ್ಮೆ ತಪ್ಪಿ, "ಡೆಕ್ಕೆಲ್ಲ ಹಕ್ಕಿ ಗಲೀಜು ಮಾಡಿದೆ, ಅದನ್ನಾದ್ರೂ ಯಾರಾದ್ರೂ ತೊಳೀಬೇಕಲ್ಲ" ಎಂದೆ. ನೀವು ಎದ್ದಿರಿ. ಬ್ರಷ್ಷು ಎಲ್ಲಿದೆ ಎಂದು ಕೇಳಿದಿರಿ. ಅಂದು ಮಧ್ಯಾಹ್ನ ನೀವು ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದು ನನಗೆ ಈಗಲೂ ನೆನಪಿದೆ.

ಆಮೇಲೆ ಅದೇ ನಿಮ್ಮ ಬದುಕಾಯಿತು. ತೇಗ ಬಿಸಿಲು ಕಂಡರೆ ತಾನಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ನಿಮಗೆ ಅದನ್ನು ಕಂಡರಾಗದು. "ಬೂದಿ ಬಣ್ಣ ನೋಡಕ್ಕಾಗಲ್ಲಮ್ಮ" ಎನ್ನುತ್ತಾ ಬಿರುಸು ಬ್ರಷ್ಷು, ಸೋಪಿನ ನೀರು, ಅದೂ ಸಾಲದಿದ್ದರೆ ಸ್ಯಾಂಡ್‌ಪೇಪರು ಹಿಡಿದು, ಜೇನಿನ ಬಣ್ಣ ಬರುವವರೆಗೂ ಉಜ್ಜುತ್ತಿದ್ದಿರಿ. ನಾನು ಹಿಂದಿನಿಂದ ಎಣ್ಣೆ ಸವರುತ್ತಾ ಬರುತ್ತಿದ್ದೆ. ಕಣ್ಣು ಮಂಜಾದ ಮೇಲೂ ಕೈಯಲ್ಲೇ ತಡವಿಕೊಂಡು ಉಜ್ಜಿದಿರಿ. ಜೆಟ್ಟಿಯಲ್ಲಿ ನಮ್ಮ ಬೋಟಿನಷ್ಟು ಹೊಳೆಯುವ ಬೋಟು ಇನ್ನೊಂದಿರಲಿಲ್ಲ.

ಮೊನ್ನೆ ಬೋಟಿನೊಳಗೆ ನೀರು ನಿಂತಿತೆಂದು ಬಡಗಿಯನ್ನು ಕರೆಸಿದೆ. ಆತ ಹಲಗೆ ಎಬ್ಬಿಸಿ ಕೆಳಗಿನ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದ. ನೆಂದ ಬ್ರೆಡ್ಡಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು. "ತೇಗ ಕೊಳೆತಿಲ್ಲಮ್ಮ. ಉಜ್ಜೀ ಉಜ್ಜೀ ತೆಳ್ಳಗಾಗಿದೆ. ಬಿರಡೆಗಳು ಸವೆದು ಎದ್ದುಹೋಗಿವೆ, ಆ ತೂತಲ್ಲಿ ನೀರಿಳಿದು ಕೆಳಗಿನ ಮರವೆಲ್ಲ ಕೊಳೆತಿದೆ. ಮೇಲೆ ಥಳುಕು, ಒಳಗೆ..." ಎಂದವನು ನನ್ನ ಮುಖ ನೋಡಿ ಗಾದೆಯನ್ನು ಅರ್ಧಕ್ಕೇ ನುಂಗಿಕೊಂಡ. ಆಮೇಲೆ ಮೆಲ್ಲಗೆ, "ಬೂದು ಬಣ್ಣ ಅಂದ್ರೆ ರೋಗ ಅಲ್ಲ. ಸುಮ್ಮನೆ ಬಿಟ್ಟಿದ್ರೆ ನಮ್ಮೆಲ್ಲರಿಗಿಂತ ಹೆಚ್ಚು ಬಾಳ್ತಿತ್ತು" ಎಂದ.

ಸಿಟ್ಟು ಬರುತ್ತದೆ, ಮಾವ, ಯಾರ ಮೇಲೆಂದು ತಿಳಿಯುವುದಿಲ್ಲ. ನಿಮ್ಮ ಮಗನ ಕೈ ಕೆಲಸ ಅಂತ ಉಳಿದಿದ್ದು ಆ ಬಿರಡೆಗಳು. ಅವನ್ನು ನಾವಿಬ್ಬರೂ ಸೇರಿ ದಿನಾ ಬೆಳಿಗ್ಗೆ ಪ್ರೀತಿಯಿಂದ ಸವೆಸಿದೆವು. ಆದರೆ ಇದೆಲ್ಲ ಆಗಲೇ ಗೊತ್ತಿದ್ದರೂ ನಿಮ್ಮ ಕೈಗೆ ಬ್ರಷ್ಷು ಕೊಡುತ್ತಿದ್ದೆ. ಬೋಟು ಉಳಿಸಿಕೊಂಡು ನಿಮ್ಮನ್ನು ಕಳೆದುಕೊಳ್ಳುವಷ್ಟು ಗಟ್ಟಿಗಿತ್ತಿ ನಾನಲ್ಲ. ಈಗ ಬೋಟೂ ಇಲ್ಲ. ನೀವೋ, ದಿನಾ ಒಂದೇ ಮಾತು: "ಬಿಸಿಲು ಬರಲಿ, ನನ್ನನ್ನ ಚುಕ್ಕಾಣಿ ಮುಂದೆ ಕೂರಿಸು. ಒಂದು ಸುತ್ತು ಹೋಗಿ ಬಂದ್ರೆ ಸಾಕು, ಆಮೇಲೆ ಹೋದ್ರೂ ಚಿಂತೆಯಿಲ್ಲ." ಆ ಒಂದು ಸುತ್ತಿಗಾಗಿಯೇ ನೀವು ಜೀವ ಹಿಡಿದುಕೊಂಡಿದ್ದೀರಿ. ಅದು ಇನ್ನು ಆಗದೆಂದು ಯಾವ ಬಾಯಲ್ಲಿ ಹೇಳಲಿ?

ಆದರೂ ನಿನ್ನೆ ಹೇಳಲೆಂದೇ ಹೊರಟಿದ್ದೆ. ಬಡಗಿಯಿಂದ ಒಂದು ಹಲಗೆ ಕೇಳಿ ತಂದು ನಿಮ್ಮ ತೊಡೆಯ ಮೇಲಿಟ್ಟೆ. ನೀವು ಮೂಸಿದಿರಿ. ಅಂಚಿನುದ್ದಕ್ಕೂ ಹೆಬ್ಬೆರಳು ಆಡಿಸಿದಿರಿ. ಎಷ್ಟೋ ದಿನಗಳ ಮೇಲೆ ನಿಮ್ಮ ಮುಖದಲ್ಲಿ ನಗು ಬಂತು.

"ಇದು ನಮ್ಮದಲ್ಲಮ್ಮ. ನಮ್ಮ ಹಲಗೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಇದನ್ನ ಯಾರೋ ಪುಣ್ಯಾತ್ಮರು ಉಜ್ಜಿ ಹಾಳು ಮಾಡಿದಾರೆ. ಪಾಪ, ವಾಪಸ್ ಕೊಟ್ಟುಬಿಡು." ಆಮೇಲೆ ಕೇಳಿದಿರಿ, "ನಮ್ಮದು ಹೇಗಿದೆ?"

"ಹೊಳೀತಿದೆ, ಮಾವ" ಎಂದೆ.

ಆ ಹಲಗೆಯನ್ನೇ ತೊಡೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವಾಪಸ್ ಕೊಡಲು ಯಾರಿದ್ದಾರೆ? ನಿಮ್ಮ ನಿದ್ದೆ ಸೊಂಪಾಗಿರಲಿ. ಕನಸಿನಲ್ಲಾದರೂ ಮಗ ಪಕ್ಕದಲ್ಲಿ ಕೂತಿರಲಿ, ಚುಕ್ಕಾಣಿ ನಿಮ್ಮ ಕೈಗೆ ಸಿಗಲಿ. ಆ ಸುತ್ತು ಮುಗಿಯುವ ತನಕ ಏಳಬೇಡಿ. ಎದ್ದರೆ ಮತ್ತೆ ಕೇಳುತ್ತೀರಿ, ನಾನು ಮತ್ತೆ ಹೊಳೆಯುತ್ತಿದೆ ಎನ್ನುತ್ತೇನೆ.

ಇಂತಿ,
ನಿಮ್ಮ ಹಿಂದೆ ಎಣ್ಣೆ ಸವರುತ್ತಾ ಬಂದ
ಸೊಸೆ